ಹಾಲು ತುಪ್ಪ ಬಿಟ್ಟ ಕಾಗದ

ತುಪ್ಪ ಕಾಸುವ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಇಂದಿಗೂ ಆಗುವುದಿಲ್ಲ.

ಆ ಮಧ್ಯಾಹ್ನ ಚಿಕ್ಕಪ್ಪ ಸಾಸಲು ಹಳ್ಳಿಯ ನಮ್ಮ ಮನೆಗೆ, ದೊಡ್ಡಬಳ್ಳಾಪುರದ ಸೈಬರ್ ಅಂಗಡಿಯಿಂದ ಒಂದು ಬಣ್ಣದ ಪ್ರಿಂಟ್ ತಂದಿದ್ದರು. ಯುದ್ಧಕ್ಕೆಂದು ಬರ್ಮಾಕ್ಕೆ ಹೋಗಿ ಮರಳದ ಮುತ್ತಜ್ಜನ ಸಮಾಧಿಯನ್ನು ಅವರು ವರ್ಷಗಟ್ಟಲೆ ಪತ್ರ ಬರೆದು ಪತ್ತೆ ಮಾಡಿದ್ದರು. ಪ್ರಿಂಟಿನಲ್ಲಿ ಅದರದ್ದೇ ಫೋಟೋ: ಸಮನಾಗಿ ಕತ್ತರಿಸಿದ ಹುಲ್ಲು, ಸಾಲು ಕಲ್ಲುಗಳು, ಒಂದರ ಮೇಲೆ ಮುತ್ತಜ್ಜನ ಹೆಸರು.

ಮುತ್ತಜ್ಜಿ ಅಷ್ಟು ವರ್ಷವೂ ಹಣೆಯ ಕುಂಕುಮ ಅಳಿಸಿರಲಿಲ್ಲ. ಸತ್ತರೆಂದು ಬಂದ ಸರ್ಕಾರಿ ಕಾಗದವನ್ನು ಅವಳು ನಂಬಿರಲೇ ಇಲ್ಲ.

"ವಯಸ್ಸೂ ಬರ್ದವ್ರೆ ಅಜ್ಜಿ, ಇಪ್ಪತ್ತೆರಡು," ಎಂದರು ಚಿಕ್ಕಪ್ಪ.

"ಇಷ್ಟು ಹುಡುಗ್ರಾ? ಮುದುಕ್ರಾಗವ್ರೆ, ಕಣ್ಣು ಕಾಣ್ದೆ ದಾರಿ ತಪ್ಪವ್ರೆ ಅಂದ್ಕಂಡಿದ್ನಲ್ಲೋ."

ನಮ್ಮಲ್ಲಿ ಮಣ್ಣು ಮಾಡಿದ ಮೇಲೆ ಸಮಾಧಿಗೆ ಹಾಲು ತುಪ್ಪ ಬಿಡುತ್ತಾರೆ. ಮುತ್ತಜ್ಜಿ ತುಪ್ಪ ಕಾಸಿ ತಂದಳು. ಹಿತ್ತಲ ನೆಲದ ಮೇಲೆ ಕಾಗದ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಮೊದಲು ಹಾಲು, ಆಮೇಲೆ ತುಪ್ಪ ಬಿಟ್ಟಳು. ಹುಲ್ಲಿನ ಹಸಿರು ಹಾಲಿಗಿಳಿಯಿತು. ಹೆಸರು ಕದಡಿಹೋಯಿತು.

"ಅಯ್ಯೋ, ಹಾಳಾಯ್ತಲ್ಲಜ್ಜಿ!" ಚಿಕ್ಕಪ್ಪ ಕೂಗಿಕೊಂಡರು. "ಹೋಗ್ಲಿ, ನಾಳೆ ಇನ್ನೊಂದು ಪ್ರಿಂಟ್ ತರ್ತೀನಿ."

ಅವಳು ಜಿಡ್ಡುಗೈಯಲ್ಲೇ ಹಣೆ ಒರೆಸಿಕೊಂಡಳು.

"ಬ್ಯಾಡ ಕಣಪ್ಪಾ. ಮಣ್ಣು ಮಾಡಿದ್ಮೇಲೆ ಮತ್ತೆ ತೆಗೀಬಾರ್ದು."