ಕಾಯುವಷ್ಟು ಹೊತ್ತು

ಸಂಜೆ ನಾಲ್ಕೂವರೆಗೆ, ಮೊಬೈಲಿನಲ್ಲಿ ನಡೆಯುತ್ತಿದ್ದ ಶಿಕ್ಷಕರ ತರಬೇತಿಯಲ್ಲಿ ತರಬೇತಿದಾರರ ಮಾತು ನಿಂತಿತು. ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿ ಅವರು ಸುಮ್ಮನಾಗಿದ್ದರು.

"ಮೊಬೈಲ್ ಹ್ಯಾಂಗ್ ಆಗೇತ್ರಿ ಅಕ್ಕೋರ, ಬಂದ್ ಮಾಡ್ರಿ. ಹೆಂಗೂ ಹಾಜರಿ ಬಿದ್ದೈತಿ," ಎಂದು ಸಹಶಿಕ್ಷಕ ಶಿವಶರಣ ಚೀಲ ಹೆಗಲಿಗೇರಿಸಿದರು.

ಮಹಾರಾಷ್ಟ್ರದ ಗಡಿ ಊರು ತಿಕೋಂಡಿಯ ಕನ್ನಡ ಶಾಲೆಯ ಶಿಕ್ಷಕಿ ವಿದ್ಯಾವತಿ ಮೊಬೈಲು ಆರಿಸಲು ಬೆರಳು ಚಾಚಿದರು. ಆಗ ಪರದೆಯಲ್ಲಿ ತರಬೇತಿದಾರರ ಹಿಂದೆ, ಕಿಟಕಿಗೆ ಕಟ್ಟಿದ್ದ ನೀಲಿ ಬಟ್ಟೆ ಗಾಳಿಗೆ ಉಬ್ಬಿ ಮೆಲ್ಲಗೆ ಇಳಿಯಿತು. "ತಡೀರಿ ಸರ, ಹ್ಯಾಂಗ್ ಆಗಿಲ್ಲ. ನಮ್ಮ ಉತ್ತರಕ್ಕ ಕಾಯಾಕತ್ತಾರ." ಬಟ್ಟೆ ಮತ್ತೆ ಉಬ್ಬಿತು. ಇತ್ತ ತಮ್ಮ ಖಾಲಿ ತರಗತಿಯ ನೆಲದ ಮೇಲೆ ಬಿಸಿಲು ನೀರಿನಂತೆ ಹರಡಿತ್ತು. ಜೂನ್‌ನಿಂದ ತರಗತಿಯಲ್ಲಿ ಒಂದು ಮಾತೂ ಆಡದ ಮೆಹನಾಜ ಆ ಬಿಸಿಲಲ್ಲಿ ಕೂತಂತೆ ವಿದ್ಯಾವತಿಗೆ ಕಂಡಿತು. ಅವಳ ತುಟಿ ಬಿಚ್ಚುವ ಮೊದಲೇ "ಮುಂದಿನವರು ಹೇಳ್ರಿ" ಎನ್ನುವ ತಮ್ಮದೇ ದನಿಯೂ ಕೇಳಿಸಿತು.

ಮರುದಿನ ತರಗತಿಯಲ್ಲಿ ಅವರು, "ಮೆಹನಾಜ, ನೆರಳು ಯಾವಾಗ ಗಿಡ್ಡ ಆಗತೈತಿ?" ಎಂದು ಕೇಳಿ ಸುಮ್ಮನೆ ನಿಂತರು. "ಆಕಿ ಮಾತಾಡೂದಿಲ್ರಿ ಅಕ್ಕೋರ," ಎಂದ ಹಿಂದಿನ ಸಾಲಿನ ಮಲ್ಲಿನಾಥ. ಅವರು ಆಗಲೂ ಕಾದರು. ಮೆಹನಾಜ ಎದ್ದು, "ಮುಂಜಾನಿ," ಎಂದಳು. ಉತ್ತರ ತಪ್ಪಾಗಿತ್ತು. ಮುಂದಿನ ಪ್ರಶ್ನೆಗೆ ಮೊದಲು ಕೈ ಎತ್ತಿದವಳು ಅವಳೇ.