ಬೇಲಿಯಂಚಿನ ತಾಳೆಗಿಡಗಳು

ನರ್ಸರಿಯ ಗೇಟಿನ ಹೊರಗೇ ನಿಂತು, ಪಕ್ಕದ ತೆಂಗಿನ ತೋಟದ ಸೂರನ್ನ ಹೆಗಲ ಟವೆಲ್ಲನ್ನು ಜೋರಾಗಿ ಕೊಡವಿದ. ಆಮೇಲೆ ನಲ್ಲಿ ತಿರುಗಿಸಿ ಕೈಕಾಲು ತೊಳೆದು, ಚಪ್ಪಲಿಯ ಅಡಿಯನ್ನೂ ಉಜ್ಜತೊಡಗಿದ.

“ಇದೇನು ಚಿಕ್ಕಪ್ಪ, ದೇವಸ್ಥಾನಕ್ಕೆ ಬಂದೋರ ಹಾಗೆ?” ಎಂದು ನರ್ಸರಿಯ ಒಡತಿ ವೀರವೇಣಿ ನಕ್ಕಳು.

“ನನ್ನ ತೆಂಗಿಗೆ ಬಿಳಿನೊಣ ಹತ್ತಿದೆಯಮ್ಮಾ. ಗರಿಯೆಲ್ಲ ಮಸಿ ಬಳಿದ ಹಾಗಾಗಿದೆ. ನನ್ನ ಮೈಮೇಲೆ ಕೂತು ಬಂದು ನಿನ್ನ ಗಿಡಕ್ಕೂ ಅಂಟಿದ್ರೆ? ಔಷಧಿ ಇದ್ರೆ ಇಲ್ಲೇ ಕೊಟ್ಬಿಡು, ಒಳಗೆ ಬರಲ್ಲ.”

ವೀರವೇಣಿಯ ನಗು ಇಂಗಿತು. ಥಾಯ್ಲೆಂಡಿನಿಂದ ತರಿಸಿದ ತಾಳೆಗಿಡಗಳನ್ನು ಕೀಟ ತಪಾಸಣೆ ಮುಗಿಯುವವರೆಗೆ ನೆಟ್ ಕಟ್ಟಿದ ಶೆಡ್ಡಿನಲ್ಲಿ ಬೇರೆ ಇಡಬೇಕಿತ್ತು. ಕಡಿಯಂ ಊರಿನ ನರ್ಸರಿಯವರಿಗೆಲ್ಲ ಆ ಪಾಠ ಹೇಳುತ್ತಿದ್ದವಳೂ ಅವಳೇ. ಆದರೆ ವಿಶಾಖಪಟ್ಟಣದ ಹೋಟೆಲಿನವರು ಅವಸರಪಡಿಸಿದರೆಂದು ಮೊದಲೇ ಹೊರತೆಗೆಸಿ, ಸೂರನ್ನನ ಬೇಲಿಯುದ್ದಕ್ಕೂ ಸಾಲಾಗಿ ಇಡಿಸಿದ್ದಳು.

ಆ ಒದ್ದೆ ಚಪ್ಪಲಿಯನ್ನು ಅವಳಿಗೆ ನೋಡಲಾಗಲಿಲ್ಲ. “ಒಳಗೆ ಬನ್ನಿ ಚಿಕ್ಕಪ್ಪ” ಎಂದು ಬೇಲಿಯ ಬಳಿಗೆ ಕರೆದೊಯ್ದು, ಇನ್ನೂ ಅಲ್ಲೇ ಉಳಿದಿದ್ದ ತಾಳೆಯ ಒಂದು ಗರಿಯನ್ನು ಮಗುಚಿ ಹಿಡಿದಳು. ಅಡಿಯಲ್ಲಿ ಬಿಳಿ ಹುಡಿ, ಅದರ ತುಂಬ ಪುಟ್ಟ ನೊಣಗಳು.

“ನಿಮ್ಮಿಂದ ಇಲ್ಲಿಗಲ್ಲ. ಇಲ್ಲಿಂದ್ಲೇ ನಿಮ್ಮ ತೋಟಕ್ಕೆ ಹೋಗಿದ್ದು.”

ಸೂರನ್ನ ಗರಿಯ ಅಡಿಯನ್ನು ಬೆರಳಿನಿಂದ ಒರೆಸಿ, ಅಂಟಿದ ಬಿಳಿ ಹುಡಿಯನ್ನು ನೋಡಿದ.

“ಸಂಕ್ರಾಂತಿಗೆ ನಮ್ಮನೇಲಿ ಅರಿಸೆಲು ಕಜ್ಜಾಯ ತಿಂತಾ ಕೂತಿದ್ದೆಯಲ್ಲ. ಮರ ಯಾಕೋ ಸೊರಗ್ತಿದೆ ಅಂತ ನಿನ್ನನ್ನೇ ಕೇಳ್ದೆ. ಆಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು,” ಎಂದಳು ವೀರವೇಣಿ, ಗರಿಯಿಂದ ಕಣ್ಣೆತ್ತದೆ.