ಅಮ್ಮನ ಕೋಣೆಯ ಒಂದು ಹೆಂಚು

ಕಾದ ಹೆಂಚಿನ ಮೇಲೆ ನೀರು ಬಿದ್ದ ವಾಸನೆ ಬಂದರೆ ಈಗಲೂ ನಾನು ಹಳೇಬೀಡಿನ ನಮ್ಮ ಮನೆಯ ನಡುಮನೆಯಲ್ಲಿ ಕೂತಿರುತ್ತೇನೆ.

ಅಮ್ಮ ತೀರಿಕೊಂಡ ನಕ್ಷತ್ರ ಒಳ್ಳೆಯದಲ್ಲವೆಂದು ಅಜ್ಜಿ ಅವಳ ಕೋಣೆಯ ಮೇಲಿನ ಒಂದು ಹೆಂಚು ತೆಗೆಸಿ, ಬಾಗಿಲು ಮುಚ್ಚಿಸಿದ್ದಳು. ಜೀವ ಹೋಗಲು ಅದೇ ದಾರಿಯಂತೆ. ತಿಂಗಳುಗಳು ಕಳೆದು ಮುಂಗಾರು ಹತ್ತಿರವಾದಾಗ ಅಪ್ಪ ಸೂರು ಸೋರದಂತೆ ಹೆಂಚು ಕೈಯಾಡಿಸಿ ಸರಿಪಡಿಸುವವರನ್ನು ಕರೆಸಿ ಕೂಲಿ ವಿಚಾರಿಸಿದರು. ಊರಿನವನು ಏಣಿ ಹತ್ತಿ ನೋಡಿ ಇಳಿದ.

“ಮನೆಯೆಲ್ಲಾ ಮಾಡ್ಕೊಡ್ತೀನಿ ಸ್ವಾಮಿ. ಅದೊಂದು ಹೆಂಚು ಮಾತ್ರ ನನ್ನ ಲೆಕ್ಕಕ್ಕೆ ಸೇರಿಸ್ಬೇಡಿ.”

ಹುಲಿಕೆರೆಯಿಂದ ಬಂದ ಮುದುಕ ಒಪ್ಪಿದ. “ಮುಚ್ಚೋಕ್ ಮುಂಚೆ ಕೂಗ್ತೀನಿ. ಒಳಗಿರೋರು ಹೊರಕ್ ಬಂದ್ಬುಡ್ಬೇಕು.”

“ಒಳಗೆ ಯಾರಿದ್ದಾರಯ್ಯ?” ಅಪ್ಪ ರೇಗಿದರು.

“ಇಲ್ದಿದ್ರೆ ಒಳ್ಳೇದೇ ಆಯ್ತಲ್ಲ ಸ್ವಾಮಿ.”

ಅಷ್ಟು ದಿನ ಅಂಗಳದ ಬಿಸಿಲಲ್ಲಿ ಒರಗಿದ್ದ ಆ ಹೆಂಚಿಗೆ ಅವನು ನೀರು ಚಿಮುಕಿಸಿ ಮೇಲೆ ಒಯ್ದ. ಅಜ್ಜಿ ಕೋಣೆಯ ಬಾಗಿಲು ತೆಗೆದಳು. ನಡುಮನೆಯಲ್ಲಿ ಕೂತಲ್ಲಿಂದಲೇ ನಾನು ಇಣುಕಿದೆ; ಒಳಗೆ ನೆಲದ ಧೂಳಿನ ಮೇಲೆ ಹೆಂಚಿನಷ್ಟೇ ಬಿಸಿಲು ಬಿದ್ದಿತ್ತು.

“ಮುಚ್ತಾ ಇವ್ನಿ ಕಣವ್ವಾ, ಬಂದ್ಬುಡು!” ಸೂರಿನ ಮೇಲಿಂದ ಕೂಗು ಬಂತು.

ಅಜ್ಜಿ ಸೆರಗು ಬಿಗಿಹಿಡಿದು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದ ಅಪ್ಪ, ಯಾರಿಗೋ ದಾರಿ ಬಿಡುವವರಂತೆ ಕಾಲು ಮಡಚಿಕೊಂಡರು. ಹೆಂಚು ಕರಕರ ಸರಿದು, ನೆಲದ ಬಿಸಿಲು ಆರಿತು.

ಅಜ್ಜಿ ಓಡಿಬಂದು ನನ್ನ ರಟ್ಟೆ ಹಿಡಿದು, “ಅವಳ ಹಿಂದೆ ಹೋಗ್ಬೇಡ ಕಣೇ,” ಅಂದಾಗಲೇ ನನಗೆ ಗೊತ್ತಾದದ್ದು, ನಾನು ಎದ್ದು ಬೀದಿಬಾಗಿಲವರೆಗೆ ನಡೆದುಬಂದಿದ್ದೆನೆಂದು.